ಡಿಸಿಸಿಗೆ ನಿಂತ ನಮ್ಮವರು

ನಮ್ಮ ಮನೆಯವರಿಗೆ ದೇವರು ಕೊಡಬೇಕಾದ್ದನ್ನೆಲ್ಲ ಕೊಟ್ಟಿದ್ದಾನೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಶಕ್ತಿಯನ್ನು ಕೊಡುವುದು ಮಾತ್ರ ಅವನಿಗೆ ಮರೆತುಹೋಗಿದೆ. ಹೋಟೆಲಿಗೆ ಹೋದರೆ ಮೆನು ಕಾರ್ಡನ್ನು ಪರೀಕ್ಷೆಗೆ ಓದುವ ಹುಡುಗರ ಹಾಗೆ ಓದಿ, ಸಪ್ಲೈಯರನ್ನು ಎರಡು ಸಲ ವಾಪಸು ಕಳಿಸಿ, ಕೊನೆಗೆ ನನ್ನ ಮುಖ ನೋಡಿ, "ನಿನಗೇನು ಹೇಳಿದ್ಯೋ ನನಗೂ ಅದೇ ಹೇಳು" ಎನ್ನುತ್ತಾರೆ. ಬಸವೇಶ್ವರನಗರದ ನಮ್ಮ ಮನೆಯ ಗೇಟಿಗೆ ಇವತ್ತಿನವರೆಗೂ ಬರೀ ಪ್ರೈಮರ್ ಬಳಿದಿದೆ. ಹಸಿರೋ ನೀಲಿಯೋ ಎಂಬುದು ಇನ್ನೂ ಚರ್ಚೆಯಲ್ಲಿದೆ. ಏನು ಕೇಳಿದರೂ ಅವರದು ಒಂದೇ ಉತ್ತರ, "ನೋಡೋಣ." ನನ್ನನ್ನು ಹೆಣ್ಣು ನೋಡಲು ಬಂದಾಗಲೂ ಹಾಗೇ ಅಂದಿದ್ದರಂತೆ. ಪಕ್ಕದಲ್ಲಿ ಕೂತಿದ್ದ ಅವರ ಅಕ್ಕ ಕಸ್ತೂರೆವ್ವ ತೊಡೆ ಚಿವುಟಿದ್ದರಿಂದ ನಮ್ಮ ಮದುವೆ ಆಯಿತು.

ನನ್ನ ಹೆಸರು ಬಸವರಾಜೇಶ್ವರಿ, ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮವರು ರೇವಣಸಿದ್ದಪ್ಪ. ಹುಟ್ಟಿದ್ದು ಹಾವೇರಿ ಕಡೆಯ ಕಡಲೆಕೊಪ್ಪದಲ್ಲಿ, ಈಗ ಪೀಣ್ಯದ ಪಂಪ್ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಇಂಥ ಮನುಷ್ಯನನ್ನು ಒಂದು ಊರು, ಒಂದು ಬಡಾವಣೆ ಮತ್ತು ಒಂದು ಬಳಗ ಸೇರಿಕೊಂಡು ಚುನಾವಣೆಗೆ ನಿಲ್ಲಿಸಿಬಿಟ್ಟ ಕಥೆಯನ್ನು ನಾನು ಹೇಳಬೇಕಾಗಿದೆ. ತಪ್ಪು ಯಾರದೂ ಅಲ್ಲ, ಇಂಗ್ಲಿಷಿನ ಮೂರು ಅಕ್ಷರಗಳದ್ದು.

ನಮ್ಮ ಮಗಳು ವಚನಾ ಚಿಕ್ಕವಳಿದ್ದಾಗ ಇವರು ಅವಳಿಗೊಂದು ಆಟದ ರೈಲು ತಂದಿದ್ದರು. ಅವಳು ಒಂದು ವಾರ ಆಡಿ ಬಿಟ್ಟಳು. ಇವರು ಬಿಡಲಿಲ್ಲ. ಮಗಳು ದೊಡ್ಡವಳಾಗಿ, ಓದಿ, ಕಾಲೇಜಿನಲ್ಲಿ ಪಾಠ ಮಾಡುವ ಹೊತ್ತಿಗೆ ಮಹಡಿಯ ಮೇಲಿನ ರೂಮಿನಲ್ಲಿ ಪ್ಲೈವುಡ್ಡಿನ ಒಂದು ದೊಡ್ಡ ಮೇಜು ಎದ್ದು, ಅದರ ಮೇಲೆ ಹಳಿ, ಸುರಂಗ, ಸೇತುವೆ, ಒಂದು ಸ್ಟೇಷನ್ನು ಎಲ್ಲ ಆದವು. ಸ್ಟೇಷನ್ನಿಗೆ ಇನ್ನೂ ಹೆಸರಿಟ್ಟಿಲ್ಲ, ಕಾರಣ ಬೇರೆ ಹೇಳಬೇಕಾಗಿಲ್ಲ. ಎಂಜಿನ್ನುಗಳು ಎರಡು, ಒಂದು ಕೆಂಪು, ಒಂದು ನೀಲಿ. ಇವೆರಡಕ್ಕೂ ಸೇರಿ ಇದ್ದದ್ದು ಒಂದೇ ಗುಂಡಿ. ಅದನ್ನು ತಿರುಗಿಸಿದರೆ ಹಳಿಗೆಲ್ಲ ಕರೆಂಟು ಹೋಗಿ ಎರಡೂ ಒಟ್ಟಿಗೇ ಹೊರಡುತ್ತಿದ್ದವು. ಕೆಂಪು ಸ್ವಲ್ಪ ಚುರುಕು, ನೀಲಿ ಸ್ವಲ್ಪ ಸೋಮಾರಿ. ಒಂದೆರಡು ಸುತ್ತು ಆಗುವಷ್ಟರಲ್ಲಿ ಕೆಂಪು ಹೋಗಿ ನೀಲಿಯ ಬೆನ್ನಿಗೆ ಗುದ್ದುತ್ತಿತ್ತು. ನಮ್ಮವರು "ಛೆ" ಎಂದು ಎರಡನ್ನೂ ಎತ್ತಿ ಮತ್ತೆ ಹಳಿಗೆ ಕೂರಿಸುತ್ತಿದ್ದರು. ಅವರ ಭಾನುವಾರಗಳೆಲ್ಲ ಹೀಗೇ ಕಳೆದಿವೆ.

ಇದಕ್ಕೆ ಔಷಧಿ ಇದೆ ಎಂದು ಹೇಳಿಕೊಟ್ಟವನು ಅನ್ನಪೂರ್ಣೇಶ್ವರಿ ನಗರದ ಮಧ್ವೇಶ್ ಎಂಬ ಹುಡುಗ, ಇವರ ಹಾಗೆಯೇ ರೈಲಿನ ಹುಚ್ಚಿನವನು. ಹಳೆಯ ಪದ್ಧತಿಗೆ ಡಿಸಿ ಎನ್ನುತ್ತಾರಂತೆ. ಹೊಸದಕ್ಕೆ ಇನ್ನೊಂದು ಸಿ ಸೇರಿಸಿ ಡಿಸಿಸಿ. ಅದರಲ್ಲಿ ಪ್ರತಿ ಎಂಜಿನ್ನಿನ ಹೊಟ್ಟೆಯೊಳಗೂ ಒಂದು ಚಿಪ್ ಇರುತ್ತದೆ, ಚಿಪ್ಪಿಗೊಂದು ನಂಬರು ಇರುತ್ತದೆ, ಆ ನಂಬರಿಗೆ ಅಡ್ರೆಸ್ ಎಂದು ಹೆಸರು. ಕೈಯಲ್ಲಿರುವ ಡಬ್ಬಿಯಿಂದ ಯಾವ ಅಡ್ರೆಸ್ಸಿಗೆ ಹುಕುಂ ಕೊಡುತ್ತೀರೋ ಆ ಎಂಜಿನ್ನು ಮಾತ್ರ ಹೊರಡುತ್ತದೆ, ಪಕ್ಕದ್ದು ತೆಪ್ಪಗೆ ನಿಂತಿರುತ್ತದೆ. ಹೊಸಬರಿಗಾಗಿ ಸ್ಟಾರ್ಟರ್ ಸೆಟ್ಟು ಎಂದೇ ಸಿಗುತ್ತದೆ. ಆದರೆ ದುರದೃಷ್ಟಕ್ಕೆ ಅದರಲ್ಲಿ ಮೂರು ಬಗೆ ಇದ್ದವು. ಒಂದಕ್ಕೆ ಮೈತುಂಬ ಬಟನ್ನು, ಇನ್ನೊಂದನ್ನು ಮೊಬೈಲಿನಿಂದ ನಡೆಸಬೇಕು, ಮತ್ತೊಂದಕ್ಕೆ ಒಂದು ದಪ್ಪ ತಿರುಗುಣಿ. ನಮ್ಮವರ ಪಾಲಿಗೆ ಎರಡೇ ಕಷ್ಟ, ಇಲ್ಲಿ ಮೂರು. ಊಟ ಮಾಡುವಾಗಲೂ ಡಿಸಿಸಿ, ನೀರು ಕಾಯಿಸುವಾಗಲೂ ಡಿಸಿಸಿ. ನಾನು ಆಗಲೇ ಒಂದನ್ನು ಬೈದು ಕೊಡಿಸಿಬಿಡಬೇಕಾಗಿತ್ತು.

ಒಂದು ಭಾನುವಾರ ಇವರ ದೊಡ್ಡಪ್ಪನ ಮಗ ಚನ್ನವೀರಪ್ಪ ಕಡಲೆಕೊಪ್ಪದಿಂದ ಲಗ್ನಪತ್ರಿಕೆ ಕೊಡಲು ಬಂದ. ನಡುಮನೆಯಲ್ಲಿ ಕೂತು, ಚಹವನ್ನು ಸಾಸರಿಗೆ ಬಗ್ಗಿಸಿಕೊಂಡು, ಊರಿನ ಸುದ್ದಿಯೆಲ್ಲ ಹೇಳಿದ. ನಮ್ಮ ಅತ್ತಿಗೆ ಕಸ್ತೂರೆವ್ವನ ಸುದ್ದಿಯೂ ಬಂತು. ತಾಯಿ ಹೋದ ಮೇಲೆ ನಮ್ಮವರನ್ನು ಸಾಕಿ ಬೆಳೆಸಿದವರು ಅವರೇ. ಈಗ ಊರಿನ ಮಹಿಳಾ ಸಂಘವನ್ನು ಅವರೇ ನಡೆಸುತ್ತಾರೆ, ಸಂಘದ ಸಾಲದ ಕಾಗದ ಹಿಡಿದು ಊರಿನ ಸಹಕಾರಿ ಸೊಸೈಟಿಗೆ ಓಡಾಡುವವರೂ ಅವರೇ.

"ಸೊಸೈಟ್ಯಾಗ ಅಕ್ಕನ್ನ ಒಳಗ ಬಿಡಂಗಿಲ್ಲ, ವೈನಿ," ಎಂದ ಚನ್ನವೀರಪ್ಪ ನನಗೆ. "ಅಧ್ಯಕ್ಷ ಈರನಗೌಡ ಸಂಘದ ಹೆಣ್ಣುಮಕ್ಕಳನ್ನ ಕಟ್ಟೀ ಮ್ಯಾಲ ನಿಲ್ಲಸ್ತಾನ. ಕಾಗದ ಕಿಟಕ್ಯಾಗ ಕೊಟ್ಟು ಹೋಗ್ರಿ ಅಂತಾನ. ಮ್ಯಾಲಿನವ್ರ ಪೈಕಿ ನಮ್ಮವ್ರು ಯಾರರ ಇದ್ದಿದ್ರ ಹಿಂಗ ಮಾಡ್ತಿದ್ನೇನು?"

ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ನಮ್ಮವರ ದನಿ ಕೇಳಿಸಿತು. ಅವರು ಮಧ್ವೇಶನ ಜೊತೆ ಫೋನಿನಲ್ಲಿದ್ದರು. ಫೋನ್ ಕೈಗೆ ಬಂದರೆ ಅವರು ಹೊಲದ ಆಚೆ ಇರುವವನನ್ನು ಕೂಗುವಷ್ಟು ಗಟ್ಟಿಯಾಗಿ ಮಾತಾಡುತ್ತಾರೆ.

"ಇಲ್ಲಪ್ಪ, ಡಿಸಿಸಿಗೆ ಹೋಗೋದು ಗ್ಯಾರಂಟಿ. ಅದರಲ್ಲಿ ಎರಡು ಮಾತಿಲ್ಲ. ಮೂರು ಕ್ಯಾಂಡಿಡೇಟ್ ಇದಾವಲ್ಲ, ಅಷ್ಟೇ ತಲೆನೋವು. ಕಂಟ್ರೋಲು ನಮ್ಮ ಕೈಯಲ್ಲಿರ್ಬೇಕು ಕಣಪ್ಪ. ಇಷ್ಟು ದಿನ ಎಲ್ಲಾ ಒಂದೇ ಗುಂಡಿಗೆ ಕುಣಿದಿದ್ದು ಸಾಕು."

ಚನ್ನವೀರಪ್ಪನ ಸಾಸರು ತುಟಿಯ ಹತ್ತಿರವೇ ನಿಂತಿತು. ನಮ್ಮವರು ಕೆಳಗೆ ಬಂದ ಕೂಡಲೇ ಕೇಳಿದ, "ಅಣ್ಣಾ, ಡಿಸಿಸಿಗೆ ಹೋಗೂದು ಖರೇನ?"

ನಮ್ಮವರ ಮುಖ ಅರಳಿತು. ಅವರ ರೈಲಿನ ಬಗ್ಗೆ ನೆಂಟರು ಯಾರೂ ಅಲ್ಲಿಯವರೆಗೆ ಒಂದು ಮಾತು ಕೇಳಿದವರಲ್ಲ.

"ಖರೇನೋ ತಮ್ಮಾ. ಮೊದಲ ಸಣ್ಣಾಗಿ ಶುರು ಮಾಡೂದು. ಆಮ್ಯಾಲೆ ಬೆಳಸ್ಕೋಂತ ಹೋಗೂದು."

"ಎದುರಿಗೆ ಯಾರ್ ಅದಾರ?"

"ಎದುರಿಗೆ ಬಂದ್ರೂ ಡಿಕ್ಕಿ ಆಗದಂಗ ನೋಡ್ಕೋಬೇಕು, ಅದಕ್ಕ ಇದೆಲ್ಲ."

"ಮಂದಿನ್ನ ಹೆಂಗ ಹಿಡಿತೀ?"

"ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ನಂಬರ್ ಇರ್ತೈತಿ. ಯಾರಿಗೆ ಯಾವಾಗ ಏನು ಕೊಡಬೇಕೋ ಆವಾಗ ಕೊಟ್ರಾತು, ತಾವಾಗೇ ಓಡ್ತಾವು."

ಚನ್ನವೀರಪ್ಪ ದನಿ ತಗ್ಗಿಸಿ, "ಇದು ಗುಟ್ಟೇನಣ್ಣ?" ಎಂದ.

"ಗುಟ್ಟ್ಯಾಕೋ? ಎಲ್ಲಾರಿಗೂ ಹೇಳು," ಎಂದರು ನಮ್ಮವರು.

ಅವನು ಹೇಳಿದ. ಊರ ಕಡೆ ಡಿಸಿಸಿ ಎಂದರೆ ಅರ್ಥ ಒಂದೇ, ಜಿಲ್ಲೆಯ ಸಹಕಾರಿ ಬ್ಯಾಂಕು. ಅದರ ಡೈರೆಕ್ಟರಾದವನು ಬಂದರೆ ಊರ ಸೊಸೈಟಿಯವರು ಎದ್ದು ನಿಲ್ಲುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿದಿರಲಿಲ್ಲ. ನಮ್ಮವರಿಗೆ ತಿಳಿದಿತ್ತು, ಆದರೆ ರೈಲು ತಲೆಗೆ ಹತ್ತಿದವರಿಗೆ ಬ್ಯಾಂಕು ಎಲ್ಲಿ ನೆನಪಾಗಬೇಕು. ಕೆಂಗೇರಿಯ ನೆಂಟರು ಫೋನ್ ಮಾಡಿ "ಡಿಸಿಸಿ ವಿಷ್ಯ ಕೇಳಿ ಖುಷಿ ಆಯ್ತು" ಎಂದರು. ಉಲ್ಲಾಳದಿಂದ ಯಾರೋ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದು ಇವರ ಕಾಲಿಗೇ ಬಿದ್ದರು. "ನೋಡೇ, ನಮ್ಮ ಜನಕ್ಕೆ ರೈಲು ಅಂದ್ರೆ ಎಷ್ಟು ಪ್ರೀತಿ," ಎಂದು ನಮ್ಮವರು ನನಗೆ ಹೇಳಿದರು. ನಾನೂ ನಂಬಿದೆ. ಇಬ್ಬರಲ್ಲಿ ಓದಿದವಳು ನಾನೇ ಎಂಬ ಜಂಬ ಅವತ್ತಿನಿಂದ ಸ್ವಲ್ಪ ಇಳಿದಿದೆ.

ಪಕ್ಕದ ಮನೆಯ ಲಕ್ಷ್ಮೀಪತಿಗಳು ಸಹಕಾರ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟರೂ ಅವರು ಇಲಾಖೆಯನ್ನು ಬಿಟ್ಟಿಲ್ಲ. ಸುದ್ದಿ ಅವರ ಕಿವಿಗೆ ಬಿದ್ದ ದಿನ ಬೆಳಿಗ್ಗೆಯೇ ಕಾಂಪೌಂಡಿನ ಆಚೆ ಬಂದು ನಿಂತರು. ನಾನು ಈಚೆ ತುಳಸಿಗೆ ನೀರು ಹಾಕುತ್ತಿದ್ದೆ, ನಮ್ಮವರು ಪಕ್ಕದಲ್ಲೇ ನಿಂತು ಪೇಪರ್ ನೋಡುತ್ತಿದ್ದರು.

"ಡಿಸಿಸಿಗೆ ಅಂತ ಕೇಳ್ದೆ. ನಿಯಮ ಎಲ್ಲಾ ಓದ್ಕೊಂಡಿದೀರಾ ಸಾರ್?"

"ಓದ್ತಾ ಇದೀನಿ ಸಾರ್. ಬುಕ್ಕು ದಪ್ಪ ಇದೆ. ಎಲ್ಲಾ ಇಂಗ್ಲಿಷು."

"ಅಡ್ರೆಸ್ ಒಂದು ಸರಿಯಾಗಿರ್ಬೇಕು ನೋಡಿ. ಅಲ್ಲೇ ಎಲ್ಲರೂ ಸಿಕ್ಕಿಹಾಕ್ಕೊಳೋದು."

"ಅದೇನು ತೊಂದ್ರೆ ಇಲ್ಲ ಸಾರ್. ಅಡ್ರೆಸ್ಸು ನಾವೇ ಬದಲಾಯಿಸ್ಕೋಬಹುದು. ಒಬ್ಬೊಬ್ಬರಿಗೂ ಬೇರೆ ಬೇರೆ ಕೊಡ್ಬೇಕು. ಇಲ್ಲದಿದ್ರೆ ಎಲ್ಲಾ ಒಟ್ಟಿಗೆ ಬಂದ್ಬಿಡ್ತಾರೆ."

ಲಕ್ಷ್ಮೀಪತಿಗಳು ಕಾಂಪೌಂಡನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ನೀವೇ ಬದಲಾಯಿಸ್ತೀರಾ? ಮನೇಲೇ?"

"ಮೇಲಿನ ರೂಮಲ್ಲಿ ಸಾರ್. ಒಂದು ನಿಮಿಷದ ಕೆಲಸ. ಸಾಮಾನು ಬಂದ ಮೇಲೆ ಬನ್ನಿ, ತೋರಿಸ್ತೀನಿ."

"ಬೇಡಪ್ಪ. ನನಗೆ ಪೆನ್ಷನ್ ಬರ್ತಾ ಇದೆ," ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಹಾಲಿನ ಬೂತಿನ ಹತ್ತಿರ ನನಗೆ ಸಿಕ್ಕಿ, ಅತ್ತಿತ್ತ ನೋಡಿ, "ನಿಮ್ಮ ಯಜಮಾನ್ರನ್ನ ಸಾಧು ಅಂದ್ಕೊಂಡಿದ್ದೆ ಕಣಮ್ಮ," ಎಂದಷ್ಟೇ ಹೇಳಿ ಹೋದರು. ರೈಲು ಓಡಿಸುವವರು ಸಾಧುಗಳಾಗಿರಬಾರದೇ ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು.

ಇದಾದ ಮೇಲೆ ರಾಜಾಜಿನಗರದ ನಮ್ಮ ಶರಣ ಬಳಗದ ಕಾರ್ಯದರ್ಶಿ ಶಿವಕಿರಣ್ ಫೋನ್ ಮಾಡಿದ. ಬಸವ ಜಯಂತಿ ಕಾರ್ಯಕ್ರಮ ಇದೆ, ಅವತ್ತು ನಮ್ಮವರಿಗೆ ಸನ್ಮಾನ ಮಾಡಬೇಕೆಂದು ಬಳಗ ತೀರ್ಮಾನಿಸಿದೆ ಎಂದ.

"ನನಗ್ಯಾಕಪ್ಪ ಸನ್ಮಾನ?"

"ಸಾರ್, ನಿಮ್ಮ ಡಿಸಿಸಿ ವಿಷ್ಯ ಎಲ್ಲರಿಗೂ ಗೊತ್ತಿದೆ. ನಮ್ಮವರು ಒಬ್ರು ಈ ಮಟ್ಟಕ್ಕೆ ಹೋಗ್ತಿದಾರೆ ಅಂದ್ರೆ ಬಳಗಕ್ಕೇ ಹೆಮ್ಮೆ."

ಫೋನ್ ಇಟ್ಟ ಮೇಲೆ ನಮ್ಮವರು ಸುಮ್ಮನೆ ಕುರ್ಚಿಯಲ್ಲಿ ಕೂತರು. ಕಣ್ಣು ಒದ್ದೆಯಾಗಿದ್ದವು. "ಇಷ್ಟು ವರ್ಷ ಎಲ್ಲರೂ ನನ್ನ ನೋಡಿ ನಕ್ಕಿದಾರೆ ಕಣೇ. ಇಷ್ಟು ವಯಸ್ಸಾಗಿ ಆಟದ ರೈಲು ಅಂತ," ಎಂದರು. ಆ ನಕ್ಕವರ ಪೈಕಿ ನಾನೂ ಇದ್ದೆನಲ್ಲ. ಬೀರುವಿನಿಂದ ರೇಷ್ಮೆ ಶಲ್ಯ ತೆಗೆದು ಇಸ್ತ್ರಿ ಮಾಡಿಕೊಟ್ಟೆ.

ಸಭಾಭವನ ತುಂಬಿತ್ತು. ನಮ್ಮವರಿಗೆ ಪೇಟ ತೊಡಿಸಿ, ಹಾರ ಹಾಕಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅವರು ಮೈಕಿನ ಮುಂದೆ ನಿಂತಿದ್ದು ಜೀವನದಲ್ಲಿ ಅದೇ ಮೊದಲು. ಆದರೆ ವಿಷಯ ಅವರಿಗೆ ಪ್ರಾಣಕ್ಕಿಂತ ಹತ್ತಿರದ್ದು.

"ಇಷ್ಟು ದಿನ ಏನಾಗ್ತಿತ್ತು ಅಂದ್ರೆ," ಎಂದು ಶುರು ಮಾಡಿದರು, "ಗುಂಡಿ ಒಂದೇ ಕಡೆ ಇರ್ತಿತ್ತು. ಯಾರೋ ಒಬ್ಬರು ತಿರುಗಿಸಿದ್ರೆ ಎಲ್ಲರೂ ಓಡ್ಬೇಕು. ನಿಲ್ಲಿಸಿದ್ರೆ ಎಲ್ಲರೂ ನಿಲ್ಬೇಕು. ಹಿಂದಿರೋನಿಗೆ ಶಕ್ತಿ ಇದ್ರೂ ಮುಂದಿರೋನ ಬೆನ್ನಿಗೆ ಗುದ್ದೋದು ಬಿಟ್ಟು ಬೇರೆ ದಾರಿ ಇರ್ತಿರಲಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹಿರಿಯರೊಬ್ಬರು "ಸತ್ಯ, ಸತ್ಯ" ಎಂದರು.

"ಡಿಸಿಸಿ ಬಂದ್ರೆ ಹಾಗಲ್ಲ. ಪ್ರತಿಯೊಬ್ಬನ ಒಳಗೂ ಒಂದು ಗುರುತು ಇರತ್ತೆ. ಅವನವನ ಗುರುತಿಗೆ ಅವನವನು ಓಡ್ತಾನೆ. ಸಣ್ಣೋನೂ ಓಡ್ತಾನೆ, ದೊಡ್ಡೋನೂ ಓಡ್ತಾನೆ. ನಿಂತಿರೋನ ತಲೆ ಮೇಲಿನ ದೀಪ ಕೂಡ ಆರೋದಿಲ್ಲ."

ಈ ಸಲದ ಚಪ್ಪಾಳೆ ನಿಲ್ಲಲೇ ಇಲ್ಲ. ಹಿಂದಿನಿಂದ ಯಾರೋ "ರೇವಣಸಿದ್ದಪ್ಪನವರಿಗೆ ಜೈ" ಎಂದರು. ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು.

"ಎಂಥಾ ಮಾತು ಹೇಳಿದ್ರು ಆಂಟಿ. ಡಿಸಿಸಿ ಬ್ಯಾಂಕಿಗೆ ಇಂಥವರೇ ಬೇಕು. ಎಲೆಕ್ಷನ್ ಯಾವಾಗಂತೆ?"

ಬಾಳೆಹಣ್ಣು, ಕಾಲಿಗೆ ಬಿದ್ದವರು, ಲಕ್ಷ್ಮೀಪತಿಗಳ ಮುಖ ಎಲ್ಲವೂ ಒಟ್ಟಿಗೆ ಅರ್ಥವಾದವು. ವೇದಿಕೆಯ ಮೇಲೆ ನಮ್ಮವರು ಪೇಟ ಓರೆಯಾದದ್ದೂ ತಿಳಿಯದೆ ಎಲ್ಲರಿಗೂ ಕೈ ಮುಗಿಯುತ್ತಿದ್ದರು.

ವಾಪಸು ಬರುವಾಗ ಆಟೋದಲ್ಲಿ ಹೇಳಿದೆ. ಅವರು ಪೇಟವನ್ನು ತಲೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹಾಗಾದ್ರೆ ರೈಲಿಗಲ್ವಾ?" ಎಂದರು ಕೊನೆಗೆ.

"ಅಲ್ಲ ರೀ."

"ಅಕ್ಕನಿಗೂ ಹಾಗೇ ಅಂತ ಸುದ್ದಿ ಹೋಗಿರತ್ತಾ?"

"ಇಡೀ ಕಡಲೆಕೊಪ್ಪಕ್ಕೆ ಹೋಗಿರತ್ತೆ. ಈಗಲೇ ಫೋನ್ ಮಾಡಿ ಹೇಳಿಬಿಡಿ."

"ನೋಡೋಣ," ಎಂದರು. ನಾನು ಆಟೋದವನ ಮುಂದೆ ಬೈಯಬಾರದೆಂದು ತುಟಿ ಕಚ್ಚಿಕೊಂಡೆ.

ಫೋನ್ ಮಾಡುವ ಅಗತ್ಯ ಬೀಳಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಗೇಟು ತೆಗೆದಾಗ ಕಸ್ತೂರೆವ್ವ ಎದುರಿಗೇ ನಿಂತಿದ್ದರು. ಜೊತೆಗೆ ಸಂಘದ ರಾಮಕ್ಕ, ಹಿಂದೆ ರೊಟ್ಟಿಯ ಗಂಟು ಹೊತ್ತ ಚನ್ನವೀರಪ್ಪ. ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದು ಯಶವಂತಪುರದಲ್ಲಿ ಇಳಿದಿದ್ದರು. ಅತ್ತಿಗೆ ಒಳಗೆ ಬಂದವರೇ ತಮ್ಮನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು. ನಾನು ಉಪ್ಪಿಟ್ಟು ಮಾಡಿದೆ. ತಟ್ಟೆ ಕೊಡುವಾಗ ನಮ್ಮವರ ಕಡೆ ನೋಡಿದೆ. ಅವರು ಉಪ್ಪಿಟ್ಟಿನಲ್ಲಿದ್ದ ಕಡಲೆಬೇಳೆ ಆರಿಸುತ್ತಿದ್ದರು.

"ಕೇಳ ಇಲ್ಲಿ, ತಮ್ಮಾ," ಎಂದು ಅತ್ತಿಗೆ ಶುರು ಮಾಡಿದರು. "ಹೋದ ವಾರ ನಾವು ಹೆಣ್ಣುಮಕ್ಕಳು ಸೊಸೈಟಿಗೆ ಹೋಗಿದ್ವಿ. ದಿನದಂಗ ಕಟ್ಟೀ ಮ್ಯಾಲ ನಿಲ್ಲಿಸಿದ. ಬಿಸಲಾಗ. ನನಗ ತಡಕೊಳ್ಳಾಕ ಆಗ್ಲಿಲ್ಲ. ಗೌಡ್ರ, ನನ್ನ ತಮ್ಮ ಡಿಸಿಸಿಗೆ ಬರಾಕತ್ತಾನ, ಆವಾಗ ನೀವ ಎದ್ದು ನನಗ ಕುರ್ಚಿ ಕೊಡ್ತೀರಿ ಅಂದೆ. ಇಡೀ ಬಜಾರ ಕೇಳೈತಿ."

"ಗೌಡ್ರು ಏನಂದ್ರು?" ಎಂದೆ ನಾನು.

"ನಕ್ಕ. ಆತು, ನಿನ್ನ ತಮ್ಮ ಬರೂತನ ನಿಂತಿರು ಅಂದ." ಅತ್ತಿಗೆ ತಟ್ಟೆಯನ್ನು ಕೆಳಗಿಟ್ಟರು. "ನೀ ನಿಲ್ಲಲಿಲ್ಲ ಅಂದ್ರ ಆ ಕಟ್ಟೀ ಮುಂದ ನಾ ಹೆಂಗ ಹಾಯ್ದು ಹೋಗ್ಲಿ, ಹೇಳು."

ನಮ್ಮವರು ಬಾಯಿ ತೆರೆದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ.

"ನೋಡೂಣ ಅಕ್ಕಾ," ಎಂದರು.

"ಅಣ್ಣ ನೋಡೂಣ ಅಂದ್ರ ನಿಂತಂಗ," ಎಂದು ಚನ್ನವೀರಪ್ಪ ಊರಿಗೆ ಫೋನ್ ಹಚ್ಚಿಯೇಬಿಟ್ಟ. ನಾನು ಅವನ ಕೈಯಿಂದ ಫೋನ್ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೈದುನನ ಜೊತೆ ನಾನು ಹಾಗೆ ನಡೆದುಕೊಂಡದ್ದು ಅದೇ ಮೊದಲು. ಎಲ್ಲರೂ ನನ್ನನ್ನೇ ನೋಡುತ್ತಿರುವಾಗ ಗೇಟಿನ ಹತ್ತಿರ ಸ್ಕೂಟರು ನಿಂತು, ಮಧ್ವೇಶ್ ಒಂದರ ಮೇಲೊಂದು ಮೂರು ಡಬ್ಬ ಹಿಡಿದು ಬಂದ.

"ಅಂಕಲ್, ಫ್ರೆಂಡ್ಸ್ ಹತ್ರ ಕೇಳಿ ಮೂರೂ ಕ್ಯಾಂಡಿಡೇಟ್ ತಂದಿದೀನಿ. ಇವತ್ತು ಓಡಿಸಿ ನೋಡಿ ಒಂದನ್ನ ಫೈನಲ್ ಮಾಡ್ಬಿಡಿ."

"ಕ್ಯಾಂಡಿಡೇಟ್ ಡಬ್ಬ್ಯಾಗ ಅದಾರೇನು?" ಎಂದರು ರಾಮಕ್ಕ.

ನಮ್ಮವರಿಗೆ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭ ಅನ್ನಿಸಿರಬೇಕು. "ಅಕ್ಕಾ, ಮ್ಯಾಲ ಬಾ," ಎಂದು ಮೆಟ್ಟಿಲು ಹತ್ತಿದರು. ಎಲ್ಲರೂ ಹಿಂದೆ ಹತ್ತಿದರು. ಸ್ಕೂಟರಿನ ಸದ್ದಿಗೆ ಹೊರಗೆ ಬಂದಿದ್ದ ಲಕ್ಷ್ಮೀಪತಿಗಳು, ಅಡ್ರೆಸ್ಸು ಬದಲಾಯಿಸುವ ರೂಮು ಅದೇ ಇರಬೇಕೆಂದು, ಪೆನ್ಷನ್ನಿನ ಆಸೆ ಬಿಟ್ಟು ಕೊನೆಯಲ್ಲಿ ಬಂದರು.

ಮೇಜಿನ ಮುಂದೆ ನಿಂತು ನಮ್ಮವರು ಹೇಳಿದರು. "ಅಕ್ಕಾ, ನಾ ಹೇಳಿದ ಡಿಸಿಸಿ ಇದು. ಬ್ಯಾಂಕಲ್ಲ. ಆಟದ ರೈಲು."

ಚನ್ನವೀರಪ್ಪ ಬಗ್ಗಿ ಮೇಜಿನ ಕೆಳಗೊಮ್ಮೆ ನೋಡಿದ, ಬ್ಯಾಂಕು ಅಲ್ಲಾದರೂ ಇದ್ದೀತು ಎಂಬ ಹಾಗೆ. ಅತ್ತಿಗೆ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಿಸಿಲಲ್ಲಿ ನಿಂತು ಇಡೀ ಬಜಾರಿನ ಮುಂದೆ ಹೇಳಿದ ಮಾತು ಒಂದು ಆಟದ ರೈಲಾಗಿ ಹೋಗಿತ್ತು. ಅತ್ತರೂ ಆಗುತ್ತಿತ್ತು, ಬೈದರೂ ಆಗುತ್ತಿತ್ತು. ಅವರು ಎರಡೂ ಮಾಡಲಿಲ್ಲ.

"ಓಡಸು, ನೋಡೂಣ," ಎಂದರು.

ಮಧ್ವೇಶ್ ದಪ್ಪ ತಿರುಗುಣಿಯ ಸೆಟ್ಟನ್ನು ಹಳಿಗೆ ಜೋಡಿಸಿದ. ಅವನಿಂದ ಮೊದಲೇ ಚಿಪ್ ಹಾಕಿಸಿಟ್ಟಿದ್ದ ಕೆಂಪು, ನೀಲಿ ಎಂಜಿನ್ನುಗಳನ್ನು ನಮ್ಮವರು ಹಳಿಯ ಮೇಲಿಟ್ಟರು. "ಈಗ ಬರೇ ಕೆಂಪಂದು ಓಡ್ತೈತಿ, ನೀಲಿ ನಿಂತಿರ್ತೈತಿ," ಎಂದು ತಿರುಗುಣಿ ತಿರುಗಿಸಿದರು. ಎರಡೂ ಹೊರಟವು. ಸುರಂಗದ ಬಾಯಲ್ಲಿ ಕೆಂಪು ಹೋಗಿ ನೀಲಿಯ ಬೆನ್ನಿಗೆ ಗುದ್ದಿತು, ಎರಡೂ ಮಗುಚಿಕೊಂಡವು.

"ಡಿಸಿಸಿ ಬಂದ್ರೂ ಇದ ಹಣೇಬರಾನೇನು?" ಎಂದರು ರಾಮಕ್ಕ.

"ಅಂಕಲ್, ಅಡ್ರೆಸ್ ಬದಲಾಯಿಸಿಲ್ಲ ನೀವು," ಎಂದ ಮಧ್ವೇಶ್. "ಹೊಸ ಚಿಪ್ ಎಲ್ಲಾ ಮೂರು ಅನ್ನೋ ನಂಬರಲ್ಲೇ ಬರತ್ತೆ. ಎರಡೂ ಮೂರೇ ಆಗಿದ್ರೆ ಎರಡೂ ಓಡತ್ತೆ. ಒಂದನ್ನ ಪಕ್ಕಕ್ಕೆ ತಂದು ಅದಕ್ಕೆ ಅದರದ್ದೇ ನಂಬರ್ ಕೊಡ್ಬೇಕು."

"ಇದೇನಾ ಅಡ್ರೆಸ್ ಬದಲಾಯಿಸೋದು?" ಎಂದು ಲಕ್ಷ್ಮೀಪತಿಗಳು ಬಾಗಿಲಿನಿಂದ ಕೇಳಿದರು. ಅವರ ದನಿಯಲ್ಲಿ ನೆಮ್ಮದಿಯೂ ಇತ್ತು, ಸ್ವಲ್ಪ ನಿರಾಸೆಯೂ ಇತ್ತು.

ಮಧ್ವೇಶ್ ನೀಲಿ ಎಂಜಿನ್ನನ್ನು ಬೇರೆ ತುಂಡು ಹಳಿಯ ಮೇಲಿಟ್ಟ. "ಯಾವ ನಂಬರ್ ಕೊಡೋಣ ಅಂಕಲ್?"

ಇಷ್ಟು ಸಾಕಾಯಿತು. ನಮ್ಮವರು ಚಾವಣಿ ನೋಡಿದರು, ನೆಲ ನೋಡಿದರು. ಮೂರು ಡಬ್ಬದಲ್ಲೇ ಒಂದನ್ನು ಆರಿಸಲಾಗದವರಿಗೆ ಇದ್ದಬದ್ದ ಅಂಕಿಗಳನ್ನೆಲ್ಲ ಮುಂದಿಟ್ಟರೆ ಹೇಗೆ.

"ನಲವತ್ತೇಳು ಕೊಡು," ಎಂದರು ಅತ್ತಿಗೆ.

"ನಲವತ್ತೇಳು ಯಾಕ್ರಿ?" ಎಂದೆ.

"ನನ್ನ ನಂಬರ್ ಅದು. ಸೊಸೈಟ್ಯಾಗ ನನ್ನ ಷೇರಿಂದು. ನಮ್ಮ ಮನಿಯವ್ರು ಹೋದ ಮ್ಯಾಲ ನನ್ನ ಹೆಸರಿಗೆ ಮಾಡಿಸ್ಕೊಂಡೀನಿ. ಬ್ಯಾರೆ ನಂಬರ್ ಯಾವ್ದು ನನಗ ನೆನಪಿರಂಗಿಲ್ಲ."

ಲಕ್ಷ್ಮೀಪತಿಗಳು ಬಾಗಿಲು ಬಿಟ್ಟು ಒಳಗೆ ಬಂದರು. "ಷೇರು ನಿಮ್ಮ ಹೆಸರಲ್ಲೇ ಇದೆಯೇನಮ್ಮ? ಸೊಸೈಟಿ ಚುನಾವಣೆಗೆ ನೀವೇ ನಿಲ್ಲಬಹುದಲ್ಲ. ಹೆಂಗಸರಿಗೆ ಅಂತ ಬೇರೆ ಸ್ಥಾನ ಕೂಡ ಇರತ್ತೆ. ಅಲ್ಲಿ ಗೆದ್ದ ಮೇಲೆ ತಾನೇ ಡಿಸಿಸಿ. ನಿಮ್ಮ ತಮ್ಮನಿಗೆ ಆ ಊರಲ್ಲಿ ಷೇರಿದೆಯಾ?"

"ಅವಗೆಲ್ಲಿದು."

"ಹಾಗಾದ್ರೆ ಅವರು ಬ್ಯಾಂಕಿಗೂ ನಿಲ್ಲೋಕಾಗಲ್ಲ, ಬಾಗಿಲಿಗೂ ನಿಲ್ಲೋಕಾಗಲ್ಲ," ಎಂದರು ಲಕ್ಷ್ಮೀಪತಿಗಳು. ನಿವೃತ್ತರಾದ ಮೇಲೆ ಅವರು ಕೊಟ್ಟ ಮೊದಲ ಅಧಿಕೃತ ತೀರ್ಪು ಅದು, ಸಂತೋಷದಿಂದ ಕೊಟ್ಟರು.

ಅತ್ತಿಗೆ ಸೆರಗು ಸರಿ ಮಾಡಿಕೊಂಡರು. "ನಾನ? ಹುಚ್ಚರೇನು? ಒಳಗ ಬಿಡದವ್ರು ವೋಟ್ ಹಾಕ್ತಾರೇನು? ನಿನ್ನ ಬಿಟ್ಟು ನನಗ ಯಾರ್ ಅದಾರೋ ತಮ್ಮಾ. ನೀ ಹೇಳು, ಏನ್ ಮಾಡ್ಲಿ?"

ಎಲ್ಲರೂ ನಮ್ಮವರ ಮುಖ ನೋಡಿದರು. ಅವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು, ಆ ಮಾತಿನ ಮೊದಲ ಅಕ್ಷರ ಅವರ ತುಟಿಯ ಮೇಲೆ ಬಂದದ್ದೂ ಕಾಣಿಸಿತು. ಅಷ್ಟರಲ್ಲಿ ಅವರ ಕಣ್ಣು ಅಕ್ಕನ ಕಾಲಿನ ಮೇಲೆ ಬಿತ್ತು. ಹಿಮ್ಮಡಿ ಒಡೆದ, ನಿಂತು ನಿಂತು ಊದಿದ ಕಾಲು.

"ಅಕ್ಕಾ, ನಾ ನಿಲ್ಲಂಗಿಲ್ಲ. ನೀನ ನಿಲ್ಲು," ಎಂದರು.



"ಸೋತರ?"

"ಸೋತರ ಸೋತಿ. ನಿಂತವ್ರ ಹೆಸರು ಸೊಸೈಟಿ ಗ್ವಾಡಿ ಮ್ಯಾಲ ಹಚ್ಚತಾರ. ಅದನ್ನರ ಈರನಗೌಡ ದಿನಾ ಓದ್ಲಿ."

ಅತ್ತಿಗೆ ತಮ್ಮನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮಧ್ವೇಶನ ಕಡೆ ಕೈ ಚಾಚಿದರು. "ನಲವತ್ತೇಳು ಆತೇನಪ್ಪ? ಕೊಡು ಇಲ್ಲಿ."

ಬಟನ್ನಿನ ಸೆಟ್ಟು ಕೊಟ್ಟರೆ ಅಕ್ಷರ ಕಾಣುವುದಿಲ್ಲ ಎಂದರು. ಮೊಬೈಲಿನದು ಅವರ ಒರಟು ಬೆರಳಿಗೆ ಮಾತೇ ಕೇಳಲಿಲ್ಲ. ಕೊನೆಗೆ ಆ ದಪ್ಪ ತಿರುಗುಣಿಯನ್ನೇ ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿದರು. ಕೆಂಪು ಎಂಜಿನ್ನು ಸ್ಟೇಷನ್ನಿನಲ್ಲಿ ದೀಪ ಹಚ್ಚಿಕೊಂಡು ನಿಂತೇ ಇತ್ತು. ನೀಲಿ ಒಂದೇ ಹೊರಟು, ಸೇತುವೆ ದಾಟಿ, ಸುರಂಗದೊಳಗೆ ಹೋಗಿ, ಆಚೆಯಿಂದ ಬಂತು. ಅಂಥ ಸುತ್ತನ್ನು ನಮ್ಮವರು ಎಷ್ಟು ವರ್ಷದಿಂದ ಕಾದಿದ್ದರೋ. ಆದರೆ ಅವರು ಹಳಿಯ ಕಡೆ ನೋಡುತ್ತಲೇ ಇರಲಿಲ್ಲ, ಅಕ್ಕನ ಕೈ ನೋಡುತ್ತಿದ್ದರು. "ಇದೇ ಇರಲಿ ಮಧ್ವೇಶ್. ಇನ್ನೆರಡನ್ನ ವಾಪಸ್ ಕೊಟ್ಟುಬಿಡು," ಎಂದರು. ಬೆಳಗಿನಿಂದ ಅವರದು ಅದು ಎರಡನೆಯ ತೀರ್ಮಾನ. ಆಯಾಸವಾಗಿ, ಮಧ್ಯಾಹ್ನ ಊಟ ಮಾಡಿದವರೇ ಮಲಗಿಬಿಟ್ಟರು.

ಚುನಾವಣೆಗೆ ನಮ್ಮವರು ರಜೆ ಹಾಕಿ ಊರಿಗೆ ಹೋದರು. ಅಕ್ಕನ ಪರವಾಗಿ ಮನೆ ಮನೆ ತಿರುಗಿದರು. ಶರಣ ಬಳಗದ ಸಭೆಯಲ್ಲಿ ಮಾಡಿದ ಭಾಷಣವನ್ನೇ ಒಂದಕ್ಷರ ಬದಲಿಸದೆ ಕಟ್ಟೆ ಕಟ್ಟೆಯ ಮೇಲೆ ಮಾಡಿದರಂತೆ, ಚಪ್ಪಾಳೆ ಅಲ್ಲೂ ಬಿತ್ತಂತೆ. ಗೆದ್ದವರ ಪೈಕಿ ಅತ್ತಿಗೆಯ ಹೆಸರು ಕಟ್ಟಕಡೆಯಲ್ಲಿತ್ತು. ಆದರೆ ಗೆದ್ದವರ ಪೈಕಿ ಇತ್ತು. ಈರನಗೌಡರೂ ಗೆದ್ದು ಮತ್ತೆ ಅಧ್ಯಕ್ಷರಾದರು.

ಮೊದಲ ಮೀಟಿಂಗಿನ ದಿನ ನಮ್ಮವರು ಕಾರ್ಖಾನೆಯಿಂದ ಬೇಗ ಬಂದು ಫೋನನ್ನು ಎದುರಿಗಿಟ್ಟುಕೊಂಡು ಕೂತರು. ಅತ್ತಿಗೆಯ ಫೋನು ಬರುವವರೆಗೆ ಕಾಫಿಯನ್ನೂ ಮುಟ್ಟಲಿಲ್ಲ. ಬಂದ ಕೂಡಲೇ ಮೊದಲು ಕೇಳಿದ್ದು ಒಂದೇ.

"ಅಕ್ಕಾ, ಗೌಡ್ರು ಎದ್ದು ಕುರ್ಚಿ ಕೊಟ್ರೇನು?"

"ಅವ್ರು ಯಾಕ ಕೊಡ್ತಾರೋ ತಮ್ಮಾ," ಎಂದರು ಕಸ್ತೂರೆವ್ವ. "ನಾನ ಎಳಕೊಂಡು ಕುಂತೆ."